ಸಾಮುದಾಯಿಕ ರೇಡಿಯೋ ಶಕ್ತಿವರ್ಧಕಗಳ ಸಂರಕ್ಷಣೆ

ಕಾರವಾರ ತಾಲೂಕಿನ ಕಿನ್ನರ ಗ್ರಾಮವು ಕಾಳೀ ನದಿಯ ಕಣಿವೆಯಲ್ಲಿದೆ. ಈ ಸೀಮೆಯಲ್ಲಿ ಮಳೆಗಾಲವು ಜನಸಂಪರ್ಕಕ್ಕೆ ಎಂತಹ ವಿಘ್ನವನ್ನೊಡ್ಡಬಲ್ಲುದೆಂಬುದು 2024ನೆಯ ಇಸವಿಯಲ್ಲಿ ಪ್ರತ್ಯಕ್ಷವಾಯಿತು. ಆ ವರ್ಷ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು ಹೆದ್ದಾರಿಯನ್ನು ಮುಚ್ಚಿತು. ಆಗಸ್ಟ್ 7ರಂದು ಕಾರವಾರದ ಬಳಿ ಕಾಳಿಯ ಹಳೆಯ ಸೇತುವೆಯು ಮುರಿದುಬಿದ್ದಿತು. ಇಂತಹ ವೇಳೆ ದೂರವಾಣಿಯೂ ನಿಂತರೆ ಸುದ್ದಿಯನ್ನು ಸಾಗಿಸಬಲ್ಲ ಸಾಧನಗಳಲ್ಲಿ ಹವ್ಯಾಸಿ ರೇಡಿಯೋ ಒಂದು. ದುರ್ಬಲವಾದ ಸಂಕೇತವನ್ನು ದೂರಕ್ಕೆ ಮುಟ್ಟಿಸುವ ಶಕ್ತಿವರ್ಧಕವು ಬೆಲೆಯುಳ್ಳದ್ದಾದುದರಿಂದ, ಹಲವರು ಕೂಡಿ ಒಂದನ್ನೇ ಇಟ್ಟುಕೊಳ್ಳುವ ರೂಢಿಯುಂಟು. ಹೀಗೆ ಹತ್ತು ಕೈಗಳಲ್ಲಿ ಆಡುವ ಯಂತ್ರವನ್ನು ಕಾಪಾಡುವ ಬಗೆಯು ವಿಚಾರಾರ್ಹವಾಗಿದೆ.

ಸಭೆಗಳಲ್ಲಿ ಬಳಸುವ ಧ್ವನಿವರ್ಧಕಕ್ಕೂ ಇದಕ್ಕೂ ಭೇದವಿದೆ. ಧ್ವನಿವರ್ಧಕವು ಕೇಳುವ ಶಬ್ದವನ್ನು ಹೆಚ್ಚಿಸಿದರೆ, ಶಕ್ತಿವರ್ಧಕವು ಆಂಟೆನಾಕ್ಕೆ ಹೋಗುವ ರೇಡಿಯೋ ಶಕ್ತಿಯನ್ನು ಹೆಚ್ಚಿಸುತ್ತದೆ. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ ಮೊದಲ ಪ್ರೇಷಕದ ಶಕ್ತಿ 30 ವಾಟ್. ಇಂದಿನ ಹವ್ಯಾಸಿಗಳ ಮೇಜಿನ ಮೇಲಿನ ಪ್ರೇಷಕವೇ ಸಾಮಾನ್ಯವಾಗಿ 100 ವಾಟ್ ಕೊಡುತ್ತದೆ. ವರ್ಧಕವು ಅದನ್ನೂ ಹಲವು ಮಡಿಯಾಗಿಸುತ್ತದೆ. ಆದಕಾರಣ ಇಲ್ಲಿ ಅಲ್ಪ ಪ್ರಮಾದವೂ ಅನರ್ಥಕಾರಿ.

ಚಾಲಕನಿಂದ ಆಗುವ ಹಾನಿಯು ಮುಖ್ಯವಾಗಿ ನಾಲ್ಕು ವಿಧ. ಮೊದಲನೆಯದು, ವರ್ಧಕವು ತಾಳುವುದಕ್ಕಿಂತ ಅಧಿಕ ಶಕ್ತಿಯನ್ನು ಅದಕ್ಕೆ ಊಡುವುದು. ಎರಡನೆಯದು, ಆಂಟೆನಾವನ್ನು ಜೋಡಿಸದೆಯೋ, ಹೊಂದದ ಆಂಟೆನಾವನ್ನು ಜೋಡಿಸಿಯೋ ಪ್ರಸಾರಮಾಡುವುದು. ಸ್ಥಾಯೀ ತರಂಗಾನುಪಾತವು 3ಕ್ಕೆ 1 ಆದರೆ ಶಕ್ತಿಯ ಕಾಲು ಪಾಲು ಹಿಂದಕ್ಕೆ ಪ್ರತಿಫಲಿಸುತ್ತದೆ. ಮೂರನೆಯದು, ಒಂದು ತರಂಗಪಟ್ಟಿಗೆ ಅಣಿಮಾಡಿದ ವರ್ಧಕವನ್ನು ಮತ್ತೊಂದು ಪಟ್ಟಿಯಲ್ಲಿ ನಡೆಸುವುದು. ನಾಲ್ಕನೆಯದು, ಶಕ್ತಿಯು ಹರಿಯುತ್ತಿರುವಾಗಲೇ ಸ್ವಿಚ್ಚನ್ನು ತಿರುಗಿಸಿ ರಿಲೇಯ ಸಂಪರ್ಕಬಿಂದುಗಳನ್ನು ಸುಡುವುದು. ಹಳೆಯ ವಾಲ್ವ್ ಯಂತ್ರಗಳು ಇಂತಹ ತಪ್ಪನ್ನು ಕ್ಷಣಕಾಲ ಸಹಿಸಿಯಾವು. ಟ್ರಾನ್ಸಿಸ್ಟರ್ ಯಂತ್ರಗಳಾದರೋ ಚಾಲಕನು ಮಾಪಕವನ್ನು ನೋಡುವುದರೊಳಗೇ ಕೆಟ್ಟುಹೋಗಬಹುದು.

ಒಬ್ಬನೇ ಒಡೆಯನಿರುವಲ್ಲಿ ಯಂತ್ರದ ಸ್ವಭಾವವು ಅವನ ನೆನಪಿನಲ್ಲಿರುತ್ತದೆ. ಸಾಮುದಾಯಿಕ ಯಂತ್ರದಲ್ಲಿ ಆ ನೆನಪು ಕೈಯಿಂದ ಕೈಗೆ ಸಾಗುವುದಿಲ್ಲ: ಹಿಂದಿನವನು ಪಟ್ಟಿಯನ್ನು ಬದಲಿಸಿದ್ದನ್ನು ಮುಂದಿನವನು ಅರಿಯನು. ಇದು ಬುದ್ಧಿಯ ಕೊರತೆಯಲ್ಲ, ವ್ಯವಸ್ಥೆಯ ಕೊರತೆ. ಆದುದರಿಂದ ಎಚ್ಚರವನ್ನು ಬೋಧಿಸಿದರಷ್ಟೇ ಸಾಲದು. ಎಚ್ಚರ ತಪ್ಪಿದಾಗಲೂ ಕೆಡದಂತೆ ಯಂತ್ರವನ್ನು ಅಣಿಗೊಳಿಸತಕ್ಕದ್ದು.

ಪ್ರೇಷಕವು 100 ವಾಟ್ ಕೊಡುವಲ್ಲಿ ವರ್ಧಕವು 50 ವಾಟ್ ಮಾತ್ರ ತಾಳುವುದಾದರೆ, ಅವೆರಡರ ನಡುವೆ ಅರ್ಧ ಶಕ್ತಿಯನ್ನು ಹೀರಿಕೊಳ್ಳುವ ಕ್ಷೀಣಕವನ್ನು ಸ್ಥಿರವಾಗಿ ಜೋಡಿಸಬೇಕು. ಪ್ರತಿಫಲಿತ ಶಕ್ತಿಯು ಮಿತಿಮೀರಿದೊಡನೆ ಪ್ರಸಾರವನ್ನು ತಾನಾಗಿ ತಡೆಯುವ ಮಂಡಲವಿರಬೇಕು. ರಿಲೇ ನೆಲೆಗೊಂಡ ಬಳಿಕವೇ ಶಕ್ತಿಯು ಹರಿಯುವಂತೆ ಕ್ರಮವನ್ನು ಬಿಗಿಯಬೇಕು. ಹೊಸಬರ ಅಭ್ಯಾಸಕ್ಕೆ ಆಂಟೆನಾದ ಬದಲು 50 ಓಮಿನ ಕೃತಕ ಭಾರವನ್ನು, ಅದು ತಾಳುವಷ್ಟೇ ಶಕ್ತಿಯಲ್ಲಿ, ಉಪಯೋಗಿಸುವುದು ಲೇಸು.

ಯಂತ್ರದ ಏರ್ಪಾಡಾದ ಮೇಲೆ ಆಚಾರದ ಏರ್ಪಾಡು. ಪಟ್ಟಿ, ಆಂಟೆನಾ, ಊಡುವ ಶಕ್ತಿ ಇವುಗಳನ್ನು ಪರೀಕ್ಷಿಸುವ ಕ್ರಮವನ್ನು ಕನ್ನಡದಲ್ಲಿ ಬರೆದು ಯಂತ್ರದ ಮುಂದೆಯೇ ಅಂಟಿಸಬೇಕು. ಬಳಸಿದವನು ಯಂತ್ರವನ್ನು ಯಾವ ಸ್ಥಿತಿಯಲ್ಲಿ ಬಿಟ್ಟನೆಂಬುದನ್ನು ದಿನಚರಿಯಲ್ಲಿ ಗುರುತಿಸಬೇಕು. ತಪ್ಪನ್ನು ಬರೆದವನನ್ನು ನಿಂದಿಸಕೂಡದು. ನಿಂದೆಗೆ ಅಂಜಿ ಮುಚ್ಚಿಟ್ಟ ದೋಷವು ಮುಂದಿನವನ ಕೈಯಲ್ಲಿ ಇಮ್ಮಡಿಸುತ್ತದೆ. ಒಳಗಿನ ವಿದ್ಯುದೊತ್ತಡವು ವಾಲ್ವ್ ಯಂತ್ರಗಳಲ್ಲಿ ಸಾವಿರಾರು ವೋಲ್ಟುಗಳಿರುವುದರಿಂದ, ತಜ್ಞರಲ್ಲದವರು ಪೆಟ್ಟಿಗೆಯನ್ನು ತೆರೆಯಲೇಕೂಡದು. ಕರಾವಳಿಯಲ್ಲಿ ಉಪ್ಪುಗಾಳಿಯು ಹೊರಗಿನ ಕೀಲುಗಳಿಗೆ ಕಿಲುಬನ್ನು ತರುವುದರಿಂದ, ನೆನ್ನೆ ಹೊಂದಿದ್ದ ಆಂಟೆನಾ ಇಂದು ಹೊಂದದಿರಬಹುದು. ಆದ್ದರಿಂದ ಮಳೆಗಾಲಕ್ಕೆ ಮುನ್ನ ಕೀಲುಗಳನ್ನು ಶೋಧಿಸುವುದೂ, ಪ್ರತಿಸಲವೂ ಅಲ್ಪ ಶಕ್ತಿಯಲ್ಲಿ ಆಂಟೆನಾವನ್ನು ಪರೀಕ್ಷಿಸಿದ ತರುವಾಯವೇ ವರ್ಧಕವನ್ನು ಹೂಡುವುದೂ ಈ ಸೀಮೆಗೆ ವಿಶೇಷವಾಗಿ ವಿಹಿತವಾಗಿವೆ.