ಹಳೆಯ ಗಣಕ, ಹೊಸ ಪೀಳಿಗೆ

ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿ ಇತಿಹಾಸದ ಪುಸ್ತಕಗಳಲ್ಲಿ ಎರಡು ಕಾರಣಗಳಿಗಾಗಿ ಕಾಣಿಸಿಕೊಳ್ಳುತ್ತದೆ. ಒಂದು, ಕಲ್ಯಾಣ ಚಾಲುಕ್ಯರ ಕಾಲದ, ಹನ್ನೊಂದನೆಯ ಶತಮಾನದ ಕಲ್ಲೇಶ್ವರ ದೇವಾಲಯ. ಇನ್ನೊಂದು, ಅಲ್ಲಿ ದೊರೆತ ಪಲ್ಲವ ದೊರೆ ಶಿವಸ್ಕಂದವರ್ಮನ ತಾಮ್ರಪಟಗಳು. ನಾಲ್ಕನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ, ಪ್ರಾಕೃತ ಭಾಷೆಯ ಈ ಶಾಸನದಲ್ಲಿ ಅರಸನು ತನಗಿಂತ ಹಿಂದೆ ಕೊಟ್ಟಿದ್ದ ಒಂದು ತೋಟದ ದಾನವನ್ನು ಸ್ಥಿರಪಡಿಸಿ, ಅದನ್ನು ಹೆಚ್ಚಿಸಿ, ಹೊಸದಾಗಿ ಬರೆಸಿಕೊಟ್ಟಿದ್ದಾನೆ. ಹಳೆಯ ಹಕ್ಕು ಹೊಸ ಪಟಕ್ಕೆ ದಾಟಿತು, ದಾಟುವಾಗ ಕಳೆದುಹೋಗಲಿಲ್ಲ.

ಬರಹವನ್ನು ಹಳೆಯ ಆಸರೆಯಿಂದ ಹೊಸದಕ್ಕೆ ದಾಟಿಸುವ ಪ್ರಶ್ನೆ ಈಗ ಬೇರೊಂದು ರೂಪದಲ್ಲಿ ರಾಜ್ಯದ ಹೋಬಳಿ ಊರುಗಳ ಮುಂದೆ ನಿಂತಿದೆ. ಪಹಣಿ ಮುದ್ರಿಸಿಕೊಡುವ, ಅರ್ಜಿ ತುಂಬಿಕೊಡುವ, ಲಗ್ನಪತ್ರಿಕೆ ಜೋಡಿಸುವ ಸಣ್ಣ ಅಂಗಡಿಗಳಲ್ಲಿ, ಶಾಲೆಗಳಲ್ಲಿ, ಸಹಕಾರ ಸಂಘಗಳಲ್ಲಿ ಹತ್ತು ಹನ್ನೆರಡು ವರ್ಷದ ಗಣಕಗಳು ಕೆಲಸ ಮಾಡುತ್ತಿರುವುದು ಹೊಸ ಸಂಗತಿಯಲ್ಲ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಉತ್ತರಾಧಿಕಾರಿಯಾದ ವಿಂಡೋಸ್ 11 ಇಂಥ ಹಳೆಯ ಗಣಕಗಳ ಪ್ರೊಸೆಸರನ್ನು ಒಪ್ಪುವುದಿಲ್ಲ. ಹಾಗಾದರೆ ಹೊಸ ಪೀಳಿಗೆಯ ಯಂತ್ರವನ್ನು ಕೊಳ್ಳಲೇಬೇಕೆ? ಒಂದು ಬೆಳೆಯ ಲಾಭವನ್ನೋ ಹಲವು ತಿಂಗಳ ಗಳಿಕೆಯನ್ನೋ ತೆಗೆದಿಡಬೇಕಾದವರಿಗೆ ಇದು ಹಗುರವಾದ ಪ್ರಶ್ನೆಯಲ್ಲ.

ಪೀಳಿಗೆಯ ಲೆಕ್ಕ

ಗಣಕದ ಮಿದುಳೆನ್ನಬಹುದಾದ ಬಿಲ್ಲೆಯೇ ಪ್ರೊಸೆಸರ್. 1978ರಲ್ಲಿ ಇಂಟೆಲ್ ಕಂಪನಿಯ 8086 ಬಂದಾಗ ಅದರಲ್ಲಿ ಸುಮಾರು 29 ಸಾವಿರ ಟ್ರಾನ್ಸಿಸ್ಟರುಗಳಿದ್ದವು. 1993ರ ಪೆಂಟಿಯಂನಲ್ಲಿ 31 ಲಕ್ಷ. ನಡುವೆ 286, 386, 486 ಬಂದು ಹೋದವು. ಆಗ ಹೆಸರೇ ಪೀಳಿಗೆಯನ್ನು ಹೇಳುತ್ತಿತ್ತು. 2008ರಿಂದ ಐ3, ಐ5, ಐ7 ಎಂಬ ಹೆಸರುಗಳು ಬಂದ ಮೇಲೆ ಗೊಂದಲ ಹೆಚ್ಚಿತು. ಇವು ಪೀಳಿಗೆಗಳಲ್ಲ, ಒಂದೇ ಪೀಳಿಗೆಯೊಳಗಿನ ದರ್ಜೆಗಳು. ಪೀಳಿಗೆಯನ್ನು ತಿಳಿಯಬೇಕಾದರೆ ಅದರ ಮುಂದಿನ ಅಂಕಿಗಳನ್ನು ನೋಡಬೇಕು. ಐ5-4570 ನಾಲ್ಕನೆಯ ಪೀಳಿಗೆ, ಐ5-8400 ಎಂಟನೆಯದು, ಐ3-10100 ಹತ್ತನೆಯದು.

ಅಂಗಡಿಯವರು ‘ಇದು ಐ7’ ಎಂದು ಹೇಳಿದ ಮಾತ್ರಕ್ಕೆ ಹಳೆಯ ಗಣಕವನ್ನು ಹೆಚ್ಚು ಬೆಲೆಗೆ ಕೊಳ್ಳುವುದು ಇದರಿಂದಲೇ ಅಪಾಯ. 2017ರ ಜನವರಿಯಲ್ಲಿ ಬಂದ ಐ7-7700ರಲ್ಲಿ ನಾಲ್ಕು ತಿರುಳುಗಳಿದ್ದವು. 2020ರ ಐ3-10100ರಲ್ಲಿಯೂ ಅಷ್ಟೇ ಇದ್ದವು. ಮೂರು ವರ್ಷಗಳಲ್ಲಿ ಮೇಲಿನ ದರ್ಜೆಯ ಸರಕು ಕೆಳಗಿನ ದರ್ಜೆಗೆ ಇಳಿದಿತ್ತು.

ವೇಗದ ಓಟ ನಿಂತದ್ದು

‘ಮೂರು ವರ್ಷಕ್ಕೊಮ್ಮೆ ಗಣಕ ಬದಲಿಸಬೇಕು’ ಎಂಬ ಮಾತು ಒಂದು ಕಾಲಕ್ಕೆ ನಿಜವೇ ಆಗಿತ್ತು. 1993ರ ಪೆಂಟಿಯಂ ಗಂಟೆ ಬಡಿತದಂಥ ತನ್ನ ಮಿಡಿತವನ್ನು ಕ್ಷಣಕ್ಕೆ 6.6 ಕೋಟಿ ಬಾರಿ, ಅಂದರೆ 66 ಮೆಗಾಹರ್ಟ್ಸ್ ವೇಗದಲ್ಲಿ ನಡೆಸುತ್ತಿತ್ತು. 2004ರ ಪೆಂಟಿಯಂ 4ರಲ್ಲಿ ಅದು 3,800 ಮೆಗಾಹರ್ಟ್ಸ್ ಮುಟ್ಟಿತು. ಹನ್ನೊಂದು ವರ್ಷಗಳಲ್ಲಿ ಐವತ್ತು ಪಟ್ಟಿಗೂ ಮಿಗಿಲು. ಅಂಥ ದಿನಗಳಲ್ಲಿ ಹೊಸ ಯಂತ್ರವನ್ನು ತಂದವನಿಗೆ ವ್ಯತ್ಯಾಸ ಕಣ್ಣಿಗೆ ಕಾಣುತ್ತಿತ್ತು.

ಆದರೆ ಅದೇ 2004ರಲ್ಲಿ ಇಂಟೆಲ್ 4,000 ಮೆಗಾಹರ್ಟ್ಸ್‌ನ ಪೆಂಟಿಯಂ 4ನ್ನು ತಯಾರಿಸುವ ಯೋಜನೆಯನ್ನು ಕೈಬಿಟ್ಟಿತು. ಕಾರಣ ಶಾಖ. ಮಿಡಿತ ಹೆಚ್ಚಿದಷ್ಟೂ ಉಗುರಿನಗಲದ ಬಿಲ್ಲೆ ಕಾಯುತ್ತಿತ್ತು. ಅದನ್ನು ತಣಿಸುವುದೇ ದೊಡ್ಡ ಕೆಲಸವಾಯಿತು. 2023ರಲ್ಲಿ ಇಂಟೆಲಿನ ಅತ್ಯಂತ ದುಬಾರಿ ದರ್ಜೆಯೊಂದು 6,000 ಮೆಗಾಹರ್ಟ್ಸ್ ಮುಟ್ಟಿತು. ಹದಿನೆಂಟು ವರ್ಷಗಳಲ್ಲಿ ಎರಡು ಪಟ್ಟೂ ಆಗಲಿಲ್ಲ. ಒಂದೊಂದು ಮಿಡಿತದಲ್ಲಿ ಮುಗಿಯುವ ಕೆಲಸ ಈ ನಡುವೆ ಹೆಚ್ಚಿದೆ ಎಂಬುದು ನಿಜ. ಆದರೂ ಹಿಂದಿನ ನಾಗಾಲೋಟ ಮರಳಲಿಲ್ಲ.

ತಯಾರಕರು ಹಿಡಿದ ಬೇರೆ ದಾರಿಯೆಂದರೆ ಒಂದು ಬಿಲ್ಲೆಯಲ್ಲಿ ಹಲವು ತಿರುಳುಗಳನ್ನು ಕೂರಿಸುವುದು. ಇದಕ್ಕೂ ಒಂದು ಮಿತಿಯುಂಟು. ಜೋಳದ ಹೊಲಕ್ಕೆ ಹತ್ತು ಆಳು ಇಳಿದರೆ ಕೊಯ್ಲು ಬೇಗ ಮುಗಿಯುತ್ತದೆ; ಆದರೆ ಮನೆಗೆ ಸಾಗಿಸುವ ಬಂಡಿ ಒಂದೇ ಆದರೆ, ಇಪ್ಪತ್ತು ಆಳು ಇಳಿದರೂ ತೆನೆ ಮನೆ ಸೇರುವುದು ಬಂಡಿಯ ವೇಗದಲ್ಲಿಯೇ. 1967ರಲ್ಲಿ ಜೀನ್ ಆಮ್ಡಾಲ್ ಎಂಬ ಗಣಕತಜ್ಞ ಇದನ್ನೇ ಗಣಿತದ ಭಾಷೆಯಲ್ಲಿ ಹೇಳಿದ್ದ. ಕೆಲಸದ ಅರ್ಧಭಾಗವನ್ನು ಮಾತ್ರ ಹಂಚಿಕೊಳ್ಳಲು ಸಾಧ್ಯವಿದ್ದರೆ, ಎಷ್ಟು ತಿರುಳುಗಳಿದ್ದರೂ ಒಟ್ಟು ವೇಗ ಎರಡು ಪಟ್ಟಿಗಿಂತ ಹೆಚ್ಚಲಾರದು. ಚಲನಚಿತ್ರ ಸಂಕಲನದಂಥ ಕೆಲಸಕ್ಕೆ ಹಲವು ತಿರುಳುಗಳು ವರದಾನ. ಕನ್ನಡದಲ್ಲಿ ಅರ್ಜಿಯೊಂದನ್ನು ಬೆರಳಚ್ಚು ಮಾಡುವವನಿಗೆ ಅವುಗಳಲ್ಲಿ ಬಹುಪಾಲು ಸುಮ್ಮನೆ ಕುಳಿತಿರುತ್ತವೆ.

ಹಳೆಯ ಗಣಕ ನಿಧಾನವೆನಿಸಲು ಎಷ್ಟೋ ವೇಳೆ ಕಾರಣ ಪ್ರೊಸೆಸರ್ ಅಲ್ಲವೇ ಅಲ್ಲ. ಒಳಗೆ ಗಿರಗಿರನೆ ತಿರುಗುವ ಹಾರ್ಡ್ ಡಿಸ್ಕ್. ಅದರ ಜಾಗದಲ್ಲಿ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಹಾಕಿ, ಮೆಮೊರಿಯನ್ನು ಎಂಟು ಗಿಗಾಬೈಟಿಗೆ ಏರಿಸಿದರೆ ಹತ್ತು ವರ್ಷದ ಯಂತ್ರವೂ ಚುರುಕಾಗುತ್ತದೆ. ಹೊಸ ಗಣಕದ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಈ ಕೆಲಸ ಮುಗಿಯುತ್ತದೆ.

ಕನ್ನಡಕ್ಕೆ ಲಾಭ ತಂದ ಬದಲಾವಣೆ

ಹಾಗೆಂದು ಪೀಳಿಗೆಯ ಬದಲಾವಣೆಯೆಲ್ಲ ವ್ಯಾಪಾರದ ತಂತ್ರವೆಂದು ತಳ್ಳಿಹಾಕುವಂತಿಲ್ಲ. ಕನ್ನಡದ ಅನುಭವವೇ ಇದಕ್ಕೆ ಸಾಕ್ಷಿ. ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಜನಸಾಮಾನ್ಯರ ಗಣಕಗಳು ಅದನ್ನು ತೋರಿಸಬಲ್ಲವಾಗಿರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತನ್ನೊಂದಿಗೆ ‘ತುಂಗಾ’ ಎಂಬ ಕನ್ನಡ ಫಾಂಟನ್ನು ತಂದಿತು. ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸುವ ಹೊಣೆಯನ್ನು ಕಾರ್ಯಾಚರಣೆ ವ್ಯವಸ್ಥೆಯೇ ಹೊತ್ತುಕೊಂಡಿತು.

ಎಕ್ಸ್‌ಪಿಗೆ ಕನಿಷ್ಠ 233 ಮೆಗಾಹರ್ಟ್ಸ್‌ನ ಪ್ರೊಸೆಸರ್ ಬೇಕಿತ್ತು. 486ರ ಗಣಕಗಳೂ ಮೊದಮೊದಲ ಪೆಂಟಿಯಂಗಳೂ ಅಲ್ಲಿಗೆ ಹಿಂದುಳಿದವು. ಆದರೆ ಬದಲಿಸಿದವರಿಗೆ ಮೊದಲು ಇಲ್ಲದ ಒಂದು ಸಾಮರ್ಥ್ಯ ದೊರೆಯಿತು: ಕನ್ನಡದ ಕಡತಕ್ಕೆ ಕನ್ನಡದ ಹೆಸರಿಡಬಹುದು, ಕನ್ನಡದಲ್ಲಿ ಮಿಂಚಂಚೆ ಬರೆಯಬಹುದು, ಕನ್ನಡ ಪದವನ್ನು ಹುಡುಕಬಹುದು. ಕೊಟ್ಟ ಹಣಕ್ಕೆ ಭಾಷೆಯೇ ಬೆಳೆಯಿತು.

ಈಗಿನ ಬಾಗಿಲು

2021ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 11ರ ಷರತ್ತುಗಳು ಬೇರೆ ಬಗೆಯವು. ಇಂಟೆಲಿನದಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ, ಎಎಂಡಿ ಕಂಪನಿಯದಾದರೆ ರೈಜನ್ 2000ದ ಸರಣಿ ಅಥವಾ ಅದರ ಅನಂತರದ್ದು ಇರಬೇಕು. ಜೊತೆಗೆ ಗುಪ್ತಸಂಕೇತಗಳನ್ನು ಕಾಪಿಡುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಲ್ಲಿ ಪ್ರಶ್ನೆ ವೇಗದ್ದಲ್ಲ. ಮೇಲೆ ಹೇಳಿದ ಐ7-7700 ಬಾಗಿಲಿನ ಹೊರಗೆ ಉಳಿಯಿತು. ಅದೇ ವರ್ಷದ ಕೊನೆಯಲ್ಲಿ ಬಂದ, ದರ್ಜೆಯಲ್ಲಿ ಕೆಳಗಿನ ಐ3-8100 ಒಳಗೆ ಸೇರಿತು. ಬಾಗಿಲು ಮುಚ್ಚಿದಾಗ ಐ7-7700ಕ್ಕೆ ಇನ್ನೂ ಐದು ವರ್ಷ ತುಂಬಿರಲಿಲ್ಲ. ಹೋಲಿಕೆಗೆ ನೋಡುವುದಾದರೆ, 1985ರ 386 ಪ್ರೊಸೆಸರಿಗೆ ಇದ್ದ ಬೆಂಬಲವನ್ನು ಲಿನಕ್ಸ್ ವ್ಯವಸ್ಥೆಯ ತಿರುಳಿನಿಂದ ತೆಗೆಯಲು ನಿರ್ಧರಿಸಿದ್ದು 2012ರ ಕೊನೆಯಲ್ಲಿ, ಅಂದರೆ 27 ವರ್ಷಗಳ ಬಳಿಕ.

ಭದ್ರತೆಯ ವಾದ ಪೊಳ್ಳೇನಲ್ಲ. ಪರಿಷ್ಕರಣೆ ನಿಂತ ಗಣಕದಲ್ಲಿ ಮುಂದೆ ಪತ್ತೆಯಾಗುವ ಬಿರುಕುಗಳನ್ನು ಮುಚ್ಚುವವರಿಲ್ಲ. ಊರವರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಹಾದುಹೋಗುವ ಅಂಗಡಿಯ ಗಣಕಕ್ಕೆ ಇದು ಗಂಭೀರ ವಿಷಯ. ಆದರೆ ಮರುದಿನವೇ ಯಂತ್ರ ನಿಂತುಹೋಗುವುದಿಲ್ಲ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ಮುಗಿದರೂ ಕ್ರೋಮ್ ಬ್ರೌಸರ್ ಅದನ್ನು ಕೈಬಿಟ್ಟದ್ದು 2023ರಲ್ಲಿ. ವಿಂಡೋಸ್ 10ರ ವಿಷಯದಲ್ಲಿಯೂ, ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆಯನ್ನು ಕೊಡುವುದಾಗಿ ಕಂಪನಿ ಪ್ರಕಟಿಸಿತು.

ಕಡತಗಳ ಗತಿ

ಯಂತ್ರದ ಬೆಲೆಯನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ; ಅದರೊಳಗಿನ ಬರಹದ ಬೆಲೆಯನ್ನು ಲೆಕ್ಕ ಹಾಕುವವರು ಕಡಿಮೆ. 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಮೊದಲಾದ ತಂತ್ರಾಂಶಗಳ ಹಳೆಯ ಪದ್ಧತಿಯಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಮೀಸಲಾದ ಮನೆಗಳಲ್ಲಿ ಕೂರಿಸಲಾಗುತ್ತಿತ್ತು. ಆ ಫಾಂಟು ಇರುವ ಗಣಕದಲ್ಲಿ ತೆರೆದರೆ ಕನ್ನಡ. ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಇಪ್ಪತ್ತು ವರ್ಷಗಳ ಸಂಘದ ನಡಾವಳಿ, ಶಾಲೆಯ ಸ್ಮರಣ ಸಂಚಿಕೆ, ಊರಿನ ನಾಟಕದ ಹಸ್ತಪ್ರತಿ ಎಷ್ಟೋ ಕಡೆ ಇದೇ ರೂಪದಲ್ಲಿವೆ. ಅವುಗಳಲ್ಲಿ ಕೆಲವು ಪೇಜ್‌ಮೇಕರ್‌ನ ಪುಟಗಳು. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿರಲಿಲ್ಲ.

ಇನ್ನೊಂದು ತೊಡಕು, ಡಾಸ್ ಕಾಲದ 16 ಬಿಟ್ ತಂತ್ರಾಂಶಗಳದು. ಹಳೆಯ ಲೆಕ್ಕಪತ್ರದ ತಂತ್ರಾಂಶಗಳು ಈ ಬಗೆಯವು. ವಿಂಡೋಸ್ 10ರ 32 ಬಿಟ್ ಆವೃತ್ತಿಯಲ್ಲಿ ಅವುಗಳಿಗೆ ಇನ್ನೂ ಎಡೆಯಿತ್ತು. ವಿಂಡೋಸ್ 11 ಬಂದದ್ದು 64 ಬಿಟ್ ರೂಪದಲ್ಲಿ ಮಾತ್ರ. ಅದರಲ್ಲಿ ಅವು ನೇರವಾಗಿ ನಡೆಯುವುದಿಲ್ಲ.

ಹಿರೇಹಡಗಲಿಯ ತಾಮ್ರಪಟಗಳು ಇಲ್ಲಿ ಮತ್ತೆ ನೆನಪಿಗೆ ಬರುತ್ತವೆ. ತಾಮ್ರ ಸವೆಯದೆ ಉಳಿಯಿತು. ಆದರೆ ಅದರ ಲಿಪಿಯನ್ನೂ ಪ್ರಾಕೃತವನ್ನೂ ಬಲ್ಲವರು ಸುತ್ತಮುತ್ತ ಇಲ್ಲವಾದರು. ಜಾರ್ಜ್ ಬ್ಯೂಲರ್‌ರಂಥ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಓದಿ ಪ್ರಕಟಿಸಿದ ಮೇಲೆಯೇ ಅದು ಮತ್ತೆ ಮಾತಾಡಿದ್ದು. ವಸ್ತು ಉಳಿಯುವುದು ಬೇರೆ, ಓದು ಉಳಿಯುವುದು ಬೇರೆ. ಹಳೆಯ ಸಂಕೇತದ ಕನ್ನಡ ಕಡತಗಳಿಗೂ ಈ ಮಾತು ಸಲ್ಲುತ್ತದೆ.

ತೀರ್ಮಾನದ ದಾರಿ

ಹೀಗಾಗಿ ಮೊದಲು ಮಾಡಬೇಕಾದ ಕೆಲಸ ಕೊಳ್ಳುವುದಲ್ಲ, ಪರಿವರ್ತಿಸುವುದು. ಹಳೆಯ ಗಣಕ ಚೆನ್ನಾಗಿ ನಡೆಯುತ್ತಿರುವಾಗಲೇ ಕಡತಗಳನ್ನು ಯೂನಿಕೋಡಿಗೆ ಬದಲಿಸಿ, ಎರಡು ಕಡೆ ನಕಲು ಇಡಬೇಕು. ಪರಿವರ್ತಕಗಳು ‘ನುಡಿ’, ‘ಬರಹ’ಗಳ ಜೊತೆಯಲ್ಲಿಯೇ ದೊರೆಯುತ್ತವೆ. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದಲ್ಲಿ ಪರಿವರ್ತನೆ ತಪ್ಪುವುದುಂಟು. ಆದ್ದರಿಂದ ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ಹಾಗೆ ದಾಟಿದ ಬರಹ ಮುಂದೆ ಯಾವ ಪೀಳಿಗೆಯ ಯಂತ್ರಕ್ಕೂ, ಕಿಸೆಯ ಮೊಬೈಲಿಗೂ ಅಧೀನವಲ್ಲ.

ಎರಡನೆಯದು, ಗಣಕದ ಕೆಲಸವನ್ನು ಗುರುತಿಸುವುದು. ಬರೀ ಬೆರಳಚ್ಚು, ಮುದ್ರಣವಾದರೆ ಅಂತರ್ಜಾಲದಿಂದ ಬಿಡಿಸಿಟ್ಟು ಹಳೆಯದನ್ನೇ ನಡೆಸಬಹುದು. ಬ್ರೌಸರಿನಲ್ಲಿ ಮುಗಿಯುವ ಕೆಲಸವಾದರೆ ಲಿನಕ್ಸ್ ಹಾಕಿ ನೋಡಬಹುದು. ಅದರಲ್ಲಿ ಕನ್ನಡದ ಯೂನಿಕೋಡ್ ಬರವಣಿಗೆಗೆ ಕೊರತೆಯಿಲ್ಲ. ಆದರೆ ಬೆರಳ ಗುರುತಿನ ಯಂತ್ರ, ಮುದ್ರಕಗಳು ಅದರೊಂದಿಗೆ ಹೊಂದುತ್ತವೆಯೇ ಎಂದು ಮೊದಲೇ ಪರೀಕ್ಷಿಸಬೇಕು. ಸಾರ್ವಜನಿಕರ ಹಣ ಮತ್ತು ಗುರುತಿನ ದಾಖಲೆಗಳನ್ನು ನಿತ್ಯ ಮುಟ್ಟುವ, ವಿಂಡೋಸ್ ಇಲ್ಲದೆ ನಡೆಯದ ಗಣಕವಾದರೆ ಬದಲಾವಣೆಯನ್ನು ಬಹಳ ಕಾಲ ಮುಂದೂಡುವುದು ಸರಿಯಲ್ಲ.

ಮೂರನೆಯದು, ಪೂರ್ತಿ ಲೆಕ್ಕ. ನಾಲ್ಕನೆಯ ಪೀಳಿಗೆಯಿಂದ ಮೇಲೇರುವವರಿಗೆ ಪ್ರೊಸೆಸರೊಂದೇ ಸಾಲದು. ಮದರ್‌ಬೋರ್ಡ್, ಮೆಮೊರಿ ಎರಡೂ ಬದಲಾಗಬೇಕು. ಇಂಟೆಲಿನ ಏಳನೆಯ ಮತ್ತು ಎಂಟನೆಯ ಪೀಳಿಗೆಗಳ ಪಿನ್ನುಗಳ ಸಂಖ್ಯೆ ಒಂದೇ ಆದರೂ, ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್ ಒಗ್ಗುವುದಿಲ್ಲ. 2017ರ ಮೊದಲ ರೈಜನ್ ಗಣಕವಿದ್ದವರ ಸ್ಥಿತಿ ಸ್ವಲ್ಪ ಮೇಲು. ಎಷ್ಟೋ ಬೋರ್ಡುಗಳಲ್ಲಿ ಬಯಾಸ್ ಪರಿಷ್ಕರಿಸಿ ಅನಂತರದ ಪೀಳಿಗೆಯನ್ನು ಕೂರಿಸಬಹುದು. ಮೆಮೊರಿಯ ಬೆಲೆ ಸದಾ ಇಳಿಯುತ್ತದೆಂದು ನಂಬುವಂತೆಯೂ ಇಲ್ಲ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಅದು ತೀವ್ರವಾಗಿ ಏರಿತು. ಅವಸರವಿರುವವರಿಗೂ ಇತ್ತೀಚಿನ ಪೀಳಿಗೆಯೇ ಬೇಕೆಂದಿಲ್ಲ. ಬಾಗಿಲಿನೊಳಗೆ ಸೇರಿದ ಎಂಟರಿಂದ ಹತ್ತನೆಯ ಪೀಳಿಗೆಯ, ಖಾತರಿಯಿರುವ ಬಳಸಿದ ಗಣಕವೂ ಈ ಕೆಲಸಗಳಿಗೆ ಸಾಕು.

ಎಕ್ಸ್‌ಪಿಯ ಪೀಳಿಗೆ ಕನ್ನಡಿಗನಿಗೆ ಕನ್ನಡವನ್ನು ಕೊಟ್ಟಿತು. ಈಗಿನದು ಕೊಡುವುದು ಮುಖ್ಯವಾಗಿ ಕಾವಲನ್ನು. ಕಾವಲಿಗೆ ಬೆಲೆ ತೆರಬೇಕಾದವರು ಯಾರು, ತೆರಬೇಕಿಲ್ಲದವರು ಯಾರು ಎಂಬುದನ್ನು ಅವರವರ ಕೆಲಸವೇ ಹೇಳುತ್ತದೆ. ಆದರೆ ಹಳೆಯ ಬರಹವನ್ನು ಓದುವಂತೆ ಉಳಿಸಿಕೊಳ್ಳುವ ಹೊಣೆ ಕೊಳ್ಳುವವರಿಗೂ ಕೊಳ್ಳದವರಿಗೂ ಒಂದೇ. ಹಳೆಯ ಡಿಸ್ಕು ಕೈಕೊಡುವ ಮೊದಲೇ ಅದನ್ನು ಮುಗಿಸುವುದು ಒಳ್ಳೆಯದು.