ಜಾರದ ಗಂಟು, ಬಿಚ್ಚಬಲ್ಲ ಗಂಟು

ಹಸುವಿನ ಕೊರಳಿಗೆ ಹಗ್ಗ ಹಾಕುವಾಗ ಜೀರುಗುಣಿಕೆ ಬಳಸಬಾರದು. ದನ ಬೆದರಿ ಎಳೆದಾಡಿದಷ್ಟೂ ಅದು ಬಿಗಿಯುತ್ತಾ ಹೋಗಿ ಉರುಳಾಗಿಬಿಡುತ್ತದೆ. ಕೊರಳ ಸುತ್ತಿನ ಕುಣಿಕೆ ಎಷ್ಟು ಜಗ್ಗಿದರೂ ಇದ್ದಷ್ಟೇ ಅಗಲ ಇರಬೇಕು. ಗೂಟಕ್ಕೆ ಕಟ್ಟುವ ತುದಿಯ ಕತೆಯೇ ಬೇರೆ. ಕೊಟ್ಟಿಗೆಗೆ ಬೆಂಕಿ ಬಿದ್ದರೆ ಅದು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ಹಗ್ಗ ಒಂದೇ ಆದರೂ ಅದರ ಎರಡು ತುದಿಗಳಿಗೆ ಬೇಕಾದ ಗಂಟುಗಳು ಬೇರೆ ಬೇರೆ. ಎಲ್ಲಿಗೆ ಯಾವುದು ಎಂದು ತಿಳಿದು, ಅದನ್ನು ಕತ್ತಲಲ್ಲೂ ಅವಸರದಲ್ಲೂ ತಪ್ಪದೆ ಹಾಕಲು ಬಂದರೆ ಗಂಟಿನ ವಿದ್ಯೆ ಬಂದಂತೆ.

ಈ ವಿದ್ಯೆಗೆ ಒಂದು ಮಹಾಗ್ರಂಥವಿದೆ. ತಿಮಿಂಗಿಲ ಬೇಟೆಗೆ ಹೆಸರಾದ ಅಮೆರಿಕದ ಬಂದರು ನ್ಯೂ ಬೆಡ್‌ಫರ್ಡ್‌ನಲ್ಲಿ 1881ರಲ್ಲಿ ಹುಟ್ಟಿದ ಚಿತ್ರಕಾರ ಕ್ಲಿಫರ್ಡ್ ಆಶ್ಲಿ, ನಾವಿಕರಿಂದ ಮೊದಲ್ಗೊಂಡು ಹಗ್ಗ ಹಿಡಿದು ಬದುಕುವ ಹತ್ತಾರು ಕಸುಬಿನವರಿಂದ ಗಂಟುಗಳನ್ನು ಕಲೆಹಾಕಿದರು. 1944ರಲ್ಲಿ ಹೊರಬಂದ ‘ದಿ ಆಶ್ಲಿ ಬುಕ್ ಆಫ್ ನಾಟ್ಸ್’ನಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ. ಚಿತ್ರಗಳೂ ಅವರವೇ. ಪ್ರತಿ ಗಂಟಿಗೂ ಒಂದು ಸಂಖ್ಯೆ. ಆಸಕ್ತರು ಇಂದಿಗೂ ಬೋಲೈನ್ ಗಂಟನ್ನು 1010 ಎಂದೇ ಗುರುತಿಸುತ್ತಾರೆ. ಆದರೆ ಮನೆ, ತೋಟ, ಪ್ರಯಾಣಕ್ಕೆ ನಾಲ್ಕೈದು ಗಂಟು ಧಾರಾಳವಾಗಿ ಸಾಕು. ನೂರು ಗಂಟಿನ ಹೆಸರು ಬಲ್ಲವರಿಗಿಂತ ಐದನ್ನು ಕಣ್ಣುಮುಚ್ಚಿ ಹಾಕಬಲ್ಲವರನ್ನೇ ನಾನು ನಂಬುತ್ತೇನೆ.

ಮೊದಲು ಕಲಿಯಬೇಕಾದದ್ದು ಬೋಲೈನ್. ಕೊರಳಿಗೆ ಬೇಕು ಎಂದೆನಲ್ಲ, ಆ ಬಿಗಿಯದ ಕುಣಿಕೆ ಇದೇ. ಹಗ್ಗದ ಉದ್ದ ಭಾಗವನ್ನು ಎಡಗೈಯಲ್ಲಿ ಹಿಡಿದು ಒಂದು ಪುಟ್ಟ ಸುತ್ತು ಹಾಕಿ. ತುದಿಯ ಕಡೆಯ ಹಗ್ಗ ಮೇಲೆ ಬರಬೇಕು. ಈಗ ತುದಿಯನ್ನು ಆ ಸುತ್ತಿನೊಳಗೆ ಕೆಳಗಿನಿಂದ ಮೇಲಕ್ಕೆ ತಂದು, ಉದ್ದ ಹಗ್ಗದ ಹಿಂದಿನಿಂದ ಬಳಸಿ, ಮತ್ತೆ ಅದೇ ಸುತ್ತಿನೊಳಗೆ ಇಳಿಸಿ ಬಿಗಿಯಿರಿ. ಸ್ಕೌಟ್ ಮಕ್ಕಳಿಗೆ ಇದನ್ನು ಬಿಲದಿಂದ ಹೊರಬಂದು ಮರ ಸುತ್ತಿ ಮತ್ತೆ ಬಿಲ ಸೇರುವ ಮೊಲದ ಕತೆಯಾಗಿ ಹೇಳಿಕೊಡುತ್ತಾರೆ. ಪುಟ್ಟ ಸುತ್ತು ತಿರುವುಮುರುವಾದರೆ ಗಂಟು ನಿಲ್ಲುವುದೇ ಇಲ್ಲ. ಕಲಿಯುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಎಷ್ಟೇ ಭಾರ ಹೊತ್ತಿದ್ದರೂ, ಅದನ್ನು ಇಳಿಸಿದ ಮೇಲೆ ಉದ್ದ ಹಗ್ಗವನ್ನು ಬಳಸಿದ ಆ ಮಡಿಕೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ತಳ್ಳಿದರೆ ಬೋಲೈನ್ ಸಲೀಸಾಗಿ ಸಡಿಲಾಗುತ್ತದೆ. ಇದಕ್ಕೊಂದು ದೋಷವೂ ಉಂಟು. ನುಣುಪಾದ ನೈಲಾನ್ ಹಗ್ಗದಲ್ಲಿ, ಭಾರವಿಲ್ಲದೆ ಅಲುಗಾಡುತ್ತಿದ್ದರೆ ತಾನಾಗಿ ಬಿಚ್ಚಿಕೊಳ್ಳಬಹುದು. ಅದಕ್ಕೇ ತುದಿಯನ್ನು ಉದ್ದ ಬಿಡಬೇಕು.

ಎಲ್ಲರಿಗೂ ಗೊತ್ತು ಎನ್ನಿಸುವ ಗಂಟು ರೀಫ್ ನಾಟ್. ಬಲ ತುದಿ ಎಡದ ಮೇಲೆ, ಆಮೇಲೆ ಎಡ ತುದಿ ಬಲದ ಮೇಲೆ. ಎರಡನೆಯ ಸಲವೂ ಬಲವನ್ನೇ ಮೇಲೆ ತಂದರೆ ಅದು ಜಾರುವ ಗ್ರ್ಯಾನಿ ನಾಟ್ ಆಗುತ್ತದೆ. ಪತ್ತೆಹಚ್ಚುವುದು ಸುಲಭ: ರೀಫ್‌ನಲ್ಲಿ ತುದಿಗಳು ಹಗ್ಗಕ್ಕೆ ಒರಗಿ ಮಲಗುತ್ತವೆ, ಗ್ರ್ಯಾನಿಯಲ್ಲಿ ಅಡ್ಡಡ್ಡ ಚಾಚಿಕೊಳ್ಳುತ್ತವೆ. ಇಷ್ಟು ಸಣ್ಣ ವ್ಯತ್ಯಾಸ ಏಕೆ ಇಷ್ಟು ದೊಡ್ಡದು ಎಂಬುದನ್ನು ಅಮೆರಿಕದ ಎಂಐಟಿ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು. ಎಳೆದಾಗ ಬಣ್ಣ ಬದಲಿಸುವ ಎಳೆಗಳಲ್ಲಿ ಗಂಟು ಹಾಕಿ ನೋಡಿದ ಅವರ ಪ್ರಕಾರ, ಪಕ್ಕಪಕ್ಕದ ಎಳೆಗಳ ತಿರುಚು ಒಂದಕ್ಕೊಂದು ಎದುರಾದರೆ ಗಂಟು ಕಚ್ಚಿಕೊಳ್ಳುತ್ತದೆ. ಒಂದೇ ದಿಕ್ಕಿಗೆ ಉರುಳಿದರೆ ಜಾರುತ್ತದೆ. ಹಾಗೆಂದು ಸರಿಯಾಗಿ ಹಾಕಿದ ರೀಫ್‌ಗೂ ಭಾರ ಹೊರಿಸಬಾರದು. ಗಾಯದ ಪಟ್ಟಿಗೆ, ಬಟ್ಟೆಯ ಗಂಟಿಗೆ ಅದು ಸರಿ. ಎರಡು ಹಗ್ಗ ಜೋಡಿಸಲು ಅದನ್ನು ನಂಬಿ ಪ್ರಾಣ ಕಳೆದುಕೊಂಡವರು ಬಹಳ ಎಂದು ಆಶ್ಲಿ ಎಚ್ಚರಿಸಿದ್ದಾರೆ.

ಜೋಡಿಸುವ ಕೆಲಸಕ್ಕೆ ಶೀಟ್ ಬೆಂಡ್ ಬೇಕು, ಅದರಲ್ಲೂ ಒಂದು ಹಗ್ಗ ದಪ್ಪ, ಇನ್ನೊಂದು ಸಪೂರ ಇದ್ದಾಗ. ದಪ್ಪ ಹಗ್ಗವನ್ನು ಮಡಿಸಿ, ಸಪೂರದ್ದನ್ನು ಆ ಮಡಿಕೆಯೊಳಗೆ ತೂರಿಸಿ, ಹಿಂದಿನಿಂದ ಸುತ್ತಿ, ತನ್ನದೇ ಅಡಿಗೆ ಸಿಕ್ಕಿಸಿದರೆ ಮುಗಿಯಿತು. ಹರಿದ ಹಾಸಿನ ಎಳೆ ಕೂಡಿಸುವ ನೇಕಾರರ ಗಂಟಿನ ರೂಪವೂ ಇದೇ, ಮೀನಿನ ಬಲೆಯ ಕಣ್ಣು ಕಣ್ಣಿಗೂ ಬೀಳುವ ಗಂಟೂ ಇದೇ. ಮಗ್ಗದ ಮುಂದೆ ಕೂತವರ ಬೆರಳು ಇದನ್ನು ಹಾಕುವುದನ್ನು ಹತ್ತಿರದಿಂದ ನೋಡಬೇಕು. ಕಣ್ಣು ಹಿಂಬಾಲಿಸುವ ಮೊದಲೇ ಎಳೆ ಕೂಡಿರುತ್ತದೆ. ನನ್ನ ಮಟ್ಟಿಗೆ ಗಂಟಿನ ಪಾಂಡಿತ್ಯ ಎಂದರೆ ಆ ಬೆರಳುಗಳೇ.

ಅಂಥ ಬೆರಳಿಗೂ ಒಮ್ಮೊಮ್ಮೆ ಗಮನ ತಪ್ಪುತ್ತದೆ. ಜಗತ್ತಿನ ಶ್ರೇಷ್ಠ ಶಿಲಾರೋಹಿಗಳಲ್ಲಿ ಒಬ್ಬರಾದ ಲಿನ್ ಹಿಲ್ 1989ರಲ್ಲಿ ಫ್ರಾನ್ಸಿನ ಬ್ಯೂ ಎಂಬಲ್ಲಿ ಬಂಡೆ ಹತ್ತಿ, ಇಳಿಯಲೆಂದು ಹಗ್ಗಕ್ಕೆ ಭಾರ ಬಿಟ್ಟರು. ಸೊಂಟದ ಗಂಟನ್ನು ಅವರು ಅರ್ಧಕ್ಕೇ ಬಿಟ್ಟಿದ್ದರು. 20 ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದರೂ ಮರದ ಕೊಂಬೆಗಳು ತಡೆದದ್ದರಿಂದ ಜೀವ ಉಳಿಯಿತು. ನಾಲ್ಕೇ ವರ್ಷದಲ್ಲಿ, ‘ದಿ ನೋಸ್’ ಎಂಬ ಕಡಿದಾದ ಬಂಡೆಯ ಮಾರ್ಗವನ್ನು, ಹಗ್ಗವನ್ನು ಬಿದ್ದರೆ ತಡೆಯಲಷ್ಟೇ ಇಟ್ಟುಕೊಂಡು, ಅದುವರೆಗೆ ಯಾರಿಂದಲೂ ಆಗದಿದ್ದಂತೆ ಕೈಕಾಲ ಬಲದಿಂದಲೇ ಏರಿದರು. ಗಂಟು ಬಾರದೆ ಆದ ಅಪಘಾತವಲ್ಲ ಅದು. ಆದ್ದರಿಂದಲೇ ಆರೋಹಿಗಳು ಹೊರಡುವ ಮೊದಲು ಒಬ್ಬರ ಗಂಟನ್ನು ಇನ್ನೊಬ್ಬರು ನೋಡುತ್ತಾರೆ. ಜೋಡಿ ಎಳೆಯ ಎಂಟಂಕಿ ಗಂಟನ್ನು ಅವರು ಬಹುವಾಗಿ ಮೆಚ್ಚುವುದೂ ಇದಕ್ಕೇ: ತಪ್ಪಿದ್ದರೆ ದೂರದಿಂದಲೇ ಕಾಣುತ್ತದೆ.

ಕಲಿಯುವವರು ಎರಡು ಮೀಟರ್ ಹಗ್ಗ ಇಟ್ಟುಕೊಳ್ಳಲಿ, ತೀರಾ ಸಪೂರದ ದಾರ ಬೇಡ. ಗಂಟು ಹಾಕಿದ ಮೇಲೆ ಎಳೆಗಳು ಒಂದರ ಮೇಲೊಂದು ಏರದಂತೆ ಒಪ್ಪ ಮಾಡಿ, ಪ್ರತಿ ತುದಿಯನ್ನೂ ಬೇರೆ ಬೇರೆಯಾಗಿ ಎಳೆದು ಬಿಗಿಯಬೇಕು. ಕೂತು ಹಾಕಲು ಬಂದರೆ ಸಾಲದು. ಬೆನ್ನ ಹಿಂದೆ, ಒದ್ದೆ ಕೈಯಲ್ಲಿ, ಕಂಬದ ಆಚೆ ಬದಿಯಿಂದ ಹಾಕಿ ನೋಡಬೇಕು. ಯಾವ ಗಂಟಾದರೂ ಹಗ್ಗದ ಬಲವನ್ನು ಒಂದಿಷ್ಟು ತಿನ್ನುತ್ತದೆ ಎಂಬುದನ್ನು ಲೆಕ್ಕಕ್ಕಿಟ್ಟು, ಭಾರ ಎತ್ತುವುದಕ್ಕೆ ಬೇಕಾದ್ದಕ್ಕಿಂತ ಗಟ್ಟಿ ಹಗ್ಗವನ್ನೇ ಆರಿಸಬೇಕು.