ಮಾದರಿಯಂತೆ ಸರಕು: ಛಾಯಾಚಿತ್ರವೂ ಗಾಲ್ಫ್ ಮೈದಾನವೂ

ಕಲ್ಕತ್ತೆಯಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಸ್ಥಾಪನೆಯಾದ ಗಾಲ್ಫ್ ಕ್ಲಬ್‌ಗಳ ಹೆಸರು ಆಟವನ್ನು ಬಲ್ಲವರಿಗೆಲ್ಲ ಪರಿಚಿತ. ಆದರೆ ಕೊಡಗಿನ ಬಿಟ್ಟಂಗಾಲ, ಮಡಿಕೇರಿ ಹಾಗೂ ಚಿಕ್ಕಮಗಳೂರಿನಲ್ಲಿಯೂ ಗಾಲ್ಫ್ ಮೈದಾನಗಳಿವೆಯೆಂಬುದನ್ನು ಅರಿತವರು ವಿರಳ. ಕಾಫಿ ನಾಡಿನ ಬೆಟ್ಟಗಳ ನಡುವೆ ಹಬ್ಬಿದ ಆ ಹಸಿರನ್ನು ಒಂದು ಛಾಯಾಚಿತ್ರದಲ್ಲಿ ಕಂಡೊಡನೆ ಪ್ರವಾಸಿಯ ಮನಸ್ಸು ಅತ್ತ ಹರಿಯುತ್ತದೆ.

ಚಿತ್ರವೂ ವ್ಯಾಪಾರದ ಮಾದರಿಯೇ. ಮಾದರಿಯನ್ನು ನೋಡಿ ಒಪ್ಪಿದವನಿಗೆ ಸರಕು ಅದರಂತೆಯೇ ದೊರೆಯಬೇಕು. ಮಳೆಗಾಲದ ಚಿತ್ರವನ್ನು ನಂಬಿ ಏಪ್ರಿಲ್‌ನಲ್ಲಿ ಬಂದವನಿಗೆ ಒಣಹುಲ್ಲು ಕಂಡರೆ ಆತ ಮರಳಿ ಬಾರನು. ಆದುದರಿಂದ ಚಿತ್ರ ತೆಗೆದ ತಿಂಗಳು, ಮೈದಾನ 9 ಕುಳಿಗಳದೋ 18 ಕುಳಿಗಳದೋ, ಸದಸ್ಯರಲ್ಲದವರಿಗೆ ಪ್ರವೇಶವುಂಟೋ ಎಂಬ ವಿವರಗಳನ್ನು ಜೊತೆಯಲ್ಲಿಯೇ ಮುದ್ರಿಸುವುದು ಲೇಸು.

ಗಾಲ್ಫ್ ಮೈದಾನವಿಲ್ಲದ ಊರಿನ ವರ್ತಕರಿಗೂ ಈ ಮಾತು ಸಲ್ಲುತ್ತದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಗೆ ಹೊಸಪೇಟೆಯಿಂದ ಹೊರಟ ಎಷ್ಟೋ ಪ್ರವಾಸಿಗಳು ಮಲಪನಗುಡಿಯ ಕಮಾನುಗಳ ಹಳೆಯ ಬಾವಿಯನ್ನು ನೋಡದೆಯೇ ಮುಂದೆ ಸಾಗುತ್ತಾರೆ. ಅದರ ಯಥಾರ್ಥ ಚಿತ್ರವೊಂದನ್ನು ದಿನಾಂಕ ಮತ್ತು ದಾರಿಯ ವಿವರಗಳೊಡನೆ ನಮ್ಮ ವಸತಿಗೃಹಗಳಲ್ಲಿ ತೂಗುಹಾಕಿದರೆ, ಅತಿಥಿಯು ಇನ್ನೊಂದು ದಿನ ಉಳಿದಾನು.